ವೃದ್ಧಾಶ್ರಮದ ಮನರಂಜನೆ ಯಾರ ಸಲುವಾಗಿ?

ದಾವಣಗೆರೆಯಲ್ಲಾಗಲಿ, ಅಲ್ಲಿಂದ ಸುಮಾರು ಹದಿನಾಲ್ಕು ಕಿಲೋಮೀಟರು ದೂರದ ಹರಿಹರದಲ್ಲಾಗಲಿ, ಧರ್ಮಸಂಸ್ಥೆಗಳ ಆಶ್ರಯದಲ್ಲಿ ನಡೆಯುವ ವೃದ್ಧಾಶ್ರಮಗಳ ಕಚೇರಿಯಲ್ಲಿ ಸಾಮಾನ್ಯವಾಗಿ ಒಂದು ದಪ್ಪ ಪುಸ್ತಕವಿರುತ್ತದೆ. ದಿನಾಂಕ, ದಾನಿಯ ಹೆಸರು, ಸಂದರ್ಭ, ಬಡಿಸಬೇಕಾದ ಸಿಹಿ, ಸಂದಾಯವಾದ ಮೊತ್ತ ಎಂಬ ಕಲಮುಗಳು ಅದರಲ್ಲಿರುತ್ತವೆ. ಮೊಮ್ಮಗನ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ತೀರಿಕೊಂಡ ತಂದೆಯ ಪುಣ್ಯತಿಥಿ, ಹೊಸ ಅಂಗಡಿಯ ಪ್ರಾರಂಭ, ಹೀಗೆ ವರ್ಷದ ದಿನಗಳು ದಾನಿಗಳ ಮನೆಯ ಸಂಭ್ರಮ ಸೂತಕಗಳಿಂದ ತುಂಬಿಕೊಂಡಿರುತ್ತವೆ. ನಿವಾಸಿಗಳ ಹುಟ್ಟುಹಬ್ಬಕ್ಕೆ ಆ ಪುಸ್ತಕದಲ್ಲಿ ಕಲಮು ಇರುವುದು ಅಪರೂಪ.

ನಿಗದಿಯಾದ ದಿನ ಹನ್ನೆರಡರ ಸುಮಾರಿಗೆ ದಾನಿಯ ಕುಟುಂಬ ಬಂದಿಳಿಯುತ್ತದೆ. ಅದಕ್ಕೂ ಅರ್ಧ ಗಂಟೆ ಮೊದಲೇ ನಿವಾಸಿಗಳನ್ನು ಸಭಾಂಗಣಕ್ಕೆ ಕರೆತಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಲಾಗಿರುತ್ತದೆ. ಮಗು ಕೇಕು ಕತ್ತರಿಸುತ್ತದೆ. ಕೇಕಿನಲ್ಲಿ ಮೊಟ್ಟೆ ಇಲ್ಲವೆಂಬುದನ್ನು ಆಡಳಿತ ಮಂಡಳಿಯವರು ಎಚ್ಚರದಿಂದ ಖಚಿತಪಡಿಸಿಕೊಂಡಿರುತ್ತಾರೆ. ತಿನ್ನುವವರಲ್ಲಿ ಎಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂಬುದನ್ನು ಅಷ್ಟೇ ಎಚ್ಚರದಿಂದ ವಿಚಾರಿಸುವವರು ಕಡಿಮೆ. ವೃದ್ಧರು ಚಪ್ಪಾಳೆ ತಟ್ಟುತ್ತಾರೆ. ಮಗು ಶಾಲೆಯಲ್ಲಿ ಕಲಿತ ಹಾಡನ್ನು ಹಾಡುತ್ತದೆ. ಮೊಬೈಲಿನಲ್ಲಿ ಛಾಯಾಚಿತ್ರಗಳಾಗುತ್ತವೆ. ಒಬ್ಬೊಬ್ಬರ ತಟ್ಟೆಗೂ ಸಿಹಿ ಬೀಳುವಾಗ ಮತ್ತೊಂದು ಛಾಯಾಚಿತ್ರ. ಒಂದೂವರೆಯ ಹೊತ್ತಿಗೆ ಎಲ್ಲವೂ ಮುಗಿದು ಕಾರುಗಳು ಹೊರಡುತ್ತವೆ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಇದು ‘ಮನರಂಜನಾ ಕಾರ್ಯಕ್ರಮ’ ಎಂಬ ಶೀರ್ಷಿಕೆಯ ಕೆಳಗೆ ದಾಖಲಾಗುತ್ತದೆ.

ಇಲ್ಲಿ ರಂಜನೆ ಪಡೆದವರಾರು? ಹಾಡಿದ ಮಗುವೂ ಅದರ ತಾಯಿತಂದೆಗಳೂ ಪಡೆದರು. ಕುರ್ಚಿಯಲ್ಲಿ ಕುಳಿತವರು ಪ್ರೇಕ್ಷಕರೂ ಆಗಲಿಲ್ಲ. ಬೇರೊಬ್ಬರ ಪುಣ್ಯಸಂಪಾದನೆಯ ಚಿತ್ರಕ್ಕೆ ಹಿನ್ನೆಲೆಯಾದರು. ದಾನಿಗಳ ಸದ್ಭಾವನೆಯನ್ನು ಶಂಕಿಸಬೇಕಾದ ಕಾರಣವಿಲ್ಲ. ಅವರು ಕೊಟ್ಟ ಅನ್ನ ಅನ್ನವೇ. ಅದಿಲ್ಲದೆ ಬಹುಪಾಲು ಆಶ್ರಮಗಳ ಅಡುಗೆಮನೆ ನಡೆಯಲಾರದೆಂಬುದೂ ನಿಜ. ಆಕ್ಷೇಪಾರ್ಹವಾದುದು ಬೇರೆ. ಹೊಟ್ಟೆಗೆ ಅನ್ನ, ಮೈಗೆ ಔಷಧ, ಮನಸ್ಸಿಗೆ ದಾನಿಗಳ ದರ್ಶನ, ಇಷ್ಟಾದರೆ ಮುಪ್ಪಿನ ವ್ಯವಸ್ಥೆ ಸಂಪೂರ್ಣವಾಯಿತು ಎಂಬ ವಿಶ್ವಸ್ತರ ತೃಪ್ತಿಯೇ ಆಕ್ಷೇಪಾರ್ಹ. ಜೈನ ಸಮಾಜದ ಟ್ರಸ್ಟುಗಳು ಈ ತೃಪ್ತಿಯಿಂದ ಹೊರತಾಗಿಲ್ಲ. ಹೊರತಾಗಿರಬೇಕಾಗಿತ್ತು, ಏಕೆಂದರೆ ದಾನವೆಂದರೇನೆಂಬುದನ್ನು ಈ ಪರಂಪರೆಯಷ್ಟು ಸೂಕ್ಷ್ಮವಾಗಿ ವಿಂಗಡಿಸಿ ನೋಡಿದ ಪರಂಪರೆಗಳು ವಿರಳ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಬಸದಿಗೆ ಹೋಗುವ ಬಾಲಕನೂ ಹೇಳಬಲ್ಲ. ವೃದ್ಧಾಶ್ರಮಗಳಲ್ಲಿ ಇವುಗಳ ಪೈಕಿ ಎಷ್ಟು ನಡೆಯುತ್ತಿವೆ? ಮೊದಲನೆಯದು ಧಾರಾಳವಾಗಿ, ಎರಡನೆಯದು ತಕ್ಕಮಟ್ಟಿಗೆ. ಮೂರನೆಯದೆಂದರೆ ಮನಸ್ಸಿಗೆ ಆಹಾರ. ಅದು ಗಾಜಿನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದೆ. ಕೀಲಿಕೈ ವ್ಯವಸ್ಥಾಪಕರ ಬಳಿ. ನಾಲ್ಕನೆಯದಾದ ಅಭಯದ ಮಾತನ್ನು ವೃದ್ಧಾಶ್ರಮದ ಸಂದರ್ಭದಲ್ಲಿ ಎತ್ತುವವರೇ ಇಲ್ಲ. ಅಭಯವೆಂದರೆ ಪ್ರಾಣಭಯದಿಂದ ಬಿಡಿಸುವುದು ಮಾತ್ರವೇ? ‘ಈ ದಿನ ಮೊಣಕಾಲು ನೋಯುತ್ತಿದೆ, ಸಭಾಂಗಣಕ್ಕೆ ಬರಲಾರೆ’ ಎಂದು ಹೇಳಲು ಒಬ್ಬ ವೃದ್ಧೆ ಅಂಜುವುದಾದರೆ, ಹಾಗೆಂದವಳಿಗೆ ಮುಂದೆ ಏನಾದೀತೋ ಎಂಬ ಅಳುಕು ಅವಳಲ್ಲಿದ್ದರೆ, ಆ ಆಶ್ರಮದಲ್ಲಿ ಅಭಯದಾನ ನಡೆದಿಲ್ಲವೆಂದೇ ತಿಳಿಯಬೇಕು. ಹೋಗಲು ಬೇರೆ ಮನೆಯಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸುವುದು ನ್ಯಾಯವಲ್ಲ.

ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಅಲ್ಲಿ ಅವರ ಕಣ್ಣ ಮುಂದಿರುವುದು ತಪೋಧನರ ಸೇವೆಯೆಂಬುದು ಸರಿ. ಆದರೆ ಸೇವೆಯ ಸ್ವರೂಪವನ್ನು ಹೇಳುವಾಗ ಅವರು ಎತ್ತಿಕೊಳ್ಳುವ ಸಂಗತಿಗಳು ಗಮನಾರ್ಹ: ಒದಗಿದ ಕಷ್ಟವನ್ನು ನೀಗುವುದು, ಕಾಲೊತ್ತುವುದು, ಮತ್ತು ಇವನ್ನೆಲ್ಲ ಗುಣಾನುರಾಗದಿಂದ ಮಾಡುವುದು. ಗುಣಾನುರಾಗವೆಂಬ ಈ ಒಂದು ನಿಬಂಧನೆಯ ಮುಂದೆ ಇಂದಿನ ಹುಟ್ಟುಹಬ್ಬದ ಅನ್ನದಾನ ನಿಲ್ಲಲಾರದು. ಗುಣದಲ್ಲಿ ಅನುರಾಗ ಹುಟ್ಟಬೇಕಾದರೆ ಮೊದಲು ಗುಣ ಗೊತ್ತಿರಬೇಕು. ಗುಣ ಗೊತ್ತಾಗಲು ಹೆಸರಾದರೂ ಗೊತ್ತಿರಬೇಕು. ಮೂರನೆಯ ಕುರ್ಚಿಯಲ್ಲಿ ಕುಳಿತವರ ಹೆಸರೇನು, ಅವರು ನಲವತ್ತರ ಹರೆಯದಲ್ಲಿ ಏನು ಮಾಡುತ್ತಿದ್ದರು, ಯಾವುದರಲ್ಲಿ ನಿಪುಣರಾಗಿದ್ದರು ಎಂದು ಕೇಳುವ ದಾನಿ ಎಲ್ಲಿ? ಅದೇ ಆಚಾರ್ಯರು ವೈಯಾವೃತ್ಯದ ಐದು ಅತಿಚಾರಗಳಲ್ಲಿ ಅನಾದರ, ಅಸ್ಮರಣ, ಮತ್ಸರತ್ವ ಎಂಬ ಮೂರನ್ನು ಸೇರಿಸಿದ್ದಾರೆ. ಮೂರನ್ನೂ ಒಂದೇ ಗೋಡೆಯ ಮೇಲೆ ಕಾಣಬೇಕಾದರೆ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕಗಳತ್ತ ದೃಷ್ಟಿ ಹಾಯಿಸಿದರೆ ಸಾಕು. ಅವರದು ಮೂರು ಅಡಿಯಾದರೆ ಇವರದು ನಾಲ್ಕು ಅಡಿ.

ಜಿನಸೇನಾಚಾರ್ಯರ ಆದಿಪುರಾಣ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸುತ್ತದೆ. ಕರುಣೆಗೆ ಅರ್ಹವಾದ ಜೀವಿಗಳಿಗೆ ಅಭಯವೀಯುವುದು ದಯಾದತ್ತಿ. ತನಗೆ ಸಮಾನನಾದವನಿಗೆ ಸಮಾನ ಗೌರವದಿಂದ ಕೊಡುವುದು ಸಮದತ್ತಿ. ವೃದ್ಧಾಶ್ರಮದ ನಿವಾಸಿಯನ್ನು ಸಮಾಜ ಯಾವ ಸಾಲಿನಲ್ಲಿ ಕೂರಿಸಿದೆ? ಮಂಡಿಪೇಟೆಯಲ್ಲಿ ನಲವತ್ತು ವರ್ಷ ದಲ್ಲಾಳಿ ಲೆಕ್ಕ ಬರೆದವನು, ಐದು ಮಕ್ಕಳನ್ನು ಹೆತ್ತು ಸಾಕಿ ಮನೆಯ ವ್ಯವಹಾರವನ್ನೆಲ್ಲ ನಡೆಸಿದವಳು, ಆಶ್ರಮದ ಹೊಸ್ತಿಲು ದಾಟಿದ ದಿನದಿಂದ ಸಮಾನನೆಂಬ ಪದವಿಯನ್ನು ಕಳೆದುಕೊಂಡು ದಯೆಗೆ ಪಾತ್ರನಾದ ಜೀವಿಯಾಗಿಬಿಡುತ್ತಾನೆ. ಅವನಿಗಾಗಿ ಏರ್ಪಡಿಸುವ ಮನರಂಜನೆಯೂ ಅದೇ ತೆರನದು. ಪ್ರತಿ ವರ್ಷ ಅಕ್ಟೋಬರ್ 1ರಂದು ವಿಶ್ವ ಹಿರಿಯರ ದಿನ ಬರುತ್ತದೆ. 1990ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ ದಿನವದು. ಆ ಆಸುಪಾಸಿನಲ್ಲಿ ಎಪ್ಪತ್ತು ದಾಟಿದವರಿಗೆ ಸಂಗೀತ ಕುರ್ಚಿ, ಬಕೆಟ್ಟಿಗೆ ಚೆಂಡೆಸೆಯುವುದು ಮುಂತಾದ ಸ್ಪರ್ಧೆಗಳಾಗುತ್ತವೆ. ಉತ್ಸಾಹದಿಂದ ಆಡುವವರು ಆಡಲಿ; ಅದರಲ್ಲಿ ದೋಷವಿಲ್ಲ. ಆದರೆ ಒಂದನೆಯ ತರಗತಿಯ ಮಕ್ಕಳ ವಾರ್ಷಿಕೋತ್ಸವದ ಪಟ್ಟಿಯನ್ನೇ ವೃದ್ಧರಿಗೂ ಉಪಯೋಗಿಸುವ ಬುದ್ಧಿಗೆ ಏನೆನ್ನಬೇಕು?

ಇನ್ನು ದೂರದರ್ಶನ ಪೆಟ್ಟಿಗೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿತು. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ಅದರ 19ನೆಯ ಕಲಮು ಹೇಳುತ್ತದೆ. ಅದೇ ಕಲಮಿನ ಎರಡನೆಯ ಉಪಕಲಮು ಅಂಥ ಆಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸುವ ಸಂದರ್ಭದಲ್ಲಿ ವೈದ್ಯಕೀಯ ಆರೈಕೆಯ ಜೊತೆಜೊತೆಗೇ ನಿವಾಸಿಗಳ ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಖಾಸಗಿ ಟ್ರಸ್ಟುಗಳಿಗೆ ಇದು ನೇರವಾಗಿ ಅನ್ವಯಿಸದಿರಬಹುದು. ಆದರೂ ಔಷಧಕ್ಕೂ ಮನರಂಜನೆಗೂ ಶಾಸನ ಒಂದೇ ಉಸಿರಿನಲ್ಲಿ ಸ್ಥಾನ ಕೊಟ್ಟಿತಲ್ಲ, ಅದು ಸಣ್ಣ ಸಂಗತಿಯಲ್ಲ. ಶಾಸನ ‘ಸಾಧನ’ವೆಂದಿತು; ಆಶ್ರಮಗಳು ಟಿ.ವಿ. ಕೊಂಡವು. ಗೋಡೆಯ ಮೇಲೆ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದ ಆ ಪೆಟ್ಟಿಗೆಯ ರಿಮೋಟು ಯಾರ ಕೈಯಲ್ಲಿದೆಯೆಂದು ನೋಡಿದರೆ ಆಶ್ರಮದ ಒಡೆತನ ಯಾರದೆಂಬುದು ತಿಳಿದುಹೋಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಅತ್ತೆ ಸೊಸೆಯರ ಕುತಂತ್ರ, ವಿಷಪ್ರಾಶನ, ಅಪಹರಣಗಳ ಧಾರಾವಾಹಿಗಳು ಕಿವುಡಾಗುತ್ತಿರುವ ಕಿವಿಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹರಿಯುತ್ತವೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದಿರಲಾಗದು. ನಿವಾಸಿಗಳು ಚೌಕಾಬಾರ ಆಡಲಿ, ಹಳೆಯ ರಂಗಗೀತೆ ಹಾಡಲಿ, ಸಿನಿಮಾ ನೋಡಲು ಹೋಗಿಬರಲಿ ಎಂದರೆ ಧರ್ಮಶ್ರದ್ಧೆಯುಳ್ಳ ಕೆಲವು ವಿಶ್ವಸ್ತರು ಕೂಡಲೇ ಹುಬ್ಬುಗಂಟಿಕ್ಕುತ್ತಾರೆ. ಹಾಸ್ಯ ರತಿಗಳು ನೋಕಷಾಯಗಳಲ್ಲವೇ, ಇಳಿವಯಸ್ಸಿನಲ್ಲಿ ಅವನ್ನು ಕೆರಳಿಸುವುದು ಅನರ್ಥದಂಡವಲ್ಲವೇ ಎನ್ನುತ್ತಾರೆ. ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿ ಒಂದು. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದು. ದಿನಕ್ಕೆ ಹತ್ತು ಗಂಟೆ ಕಾಲ ದುಃಶ್ರುತಿಯನ್ನು ಗೋಡೆಗೆ ಮೊಳೆ ಹೊಡೆದು ಪ್ರತಿಷ್ಠಾಪಿಸಿದವರೇ ಒಂದು ಕವಡೆಯಾಟಕ್ಕೆ ಶಾಸ್ತ್ರವನ್ನು ಅಡ್ಡ ತರುತ್ತಾರೆ! ಪೆಟ್ಟಿಗೆಗೆ ಸಂಬಳ ಕೊಡಬೇಕಾಗಿಲ್ಲವೆಂಬುದೇ ಇದರ ಹಿಂದಿನ ನಿಜವಾದ ಸಿದ್ಧಾಂತವಿರಬೇಕು.

ಆದರೂ ಆಕ್ಷೇಪವನ್ನು ಗಂಭೀರವಾಗಿಯೇ ಪರಿಶೀಲಿಸಬೇಕು. ಮುಪ್ಪು ವೈರಾಗ್ಯದ ಕಾಲ. ಜೈನ ವೃದ್ಧನಿಗೆ ಸ್ವಾಧ್ಯಾಯ, ಸಾಮಾಯಿಕ, ಪ್ರತಿಕ್ರಮಣಗಳಿರುವಾಗ ಆಟಪಾಟವೇಕೆ ಎಂಬುದು ಕೇಳತಕ್ಕ ಪ್ರಶ್ನೆಯೇ. ಸ್ವಇಚ್ಛೆಯಿಂದ ಅತ್ತ ತಿರುಗಿದವರಿಗೆ ಅದಕ್ಕಿಂತ ದೊಡ್ಡದು ಬೇರಿಲ್ಲ. ಅಂಥವರಿಗೆ ಶಾಂತವಾದ ಒಂದು ಕೋಣೆ, ಬೆಳಕು, ದಪ್ಪಕ್ಷರದ ಗ್ರಂಥ, ಓದಿ ಹೇಳುವ ಒಂದು ಕಂಠ, ಇಷ್ಟನ್ನು ಒದಗಿಸುವುದೂ ಚಟುವಟಿಕೆಯ ಏರ್ಪಾಡೇ ಆಗಿದೆ. (ಇದೂ ಅನೇಕ ಕಡೆ ಇಲ್ಲ. ಟಿ.ವಿ. ಇರುವ ಸಭಾಂಗಣದಲ್ಲೇ ಸಾಮಾಯಿಕಕ್ಕೆ ಕೂರಬೇಕು.) ಆದರೆ ತ್ಯಜಿಸಲು ಸ್ವಂತದ್ದೆಂಬುದೊಂದು ಇರಬೇಕು. ಮನೆ, ಹಣ, ಕೀಲಿಕೈ, ಅಡುಗೆಮನೆ, ಮಾತಿನ ಬೆಲೆ ಎಲ್ಲವನ್ನೂ ಬೇರೆಯವರು ತೆಗೆದುಕೊಂಡ ಮೇಲೆ ಉಳಿಯುವ ಬರಿದುತನಕ್ಕೆ ವೈರಾಗ್ಯವೆಂಬ ಹೆಸರಿಡಲು ಬಾರದು. ಬಲವಂತದ ಅಭಾವವನ್ನು ಸಹಿಸಿಕೊಂಡಿರುವುದನ್ನು ಶಾಸ್ತ್ರಕಾರರು ಅಕಾಮನಿರ್ಜರೆ ಎಂದರು, ವ್ರತವೆನ್ನಲಿಲ್ಲ. ಸಹಿಸಿದವನಿಗೆ ಅದರಿಂದ ಅಲ್ಪ ಫಲವಾದರೂ ದೊರೆತೀತು. ಸಹಿಸುವ ಸ್ಥಿತಿಯನ್ನು ತಂದಿಟ್ಟವರಿಗೆ ಏನು ದೊರೆತೀತೆಂಬುದನ್ನು ವಿಶ್ವಸ್ತ ಮಂಡಳಿಗಳು ಯೋಚಿಸುವುದು ಒಳ್ಳೆಯದು.

ಖಾಲಿ ಕುಳಿತ ವೃದ್ಧನ ಮನಸ್ಸು ತಾನಾಗಿ ಧರ್ಮಧ್ಯಾನಕ್ಕೆ ಏರುತ್ತದೆಂಬ ನಂಬಿಕೆಯೂ ನಿರಾಧಾರವಾದುದು. ತತ್ತ್ವಾರ್ಥಸೂತ್ರ ಆರ್ತಧ್ಯಾನದ ನಾಲ್ಕು ಕಾರಣಗಳನ್ನು ಗುರುತಿಸುತ್ತದೆ: ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆ, ನಿದಾನ. ಬಯಸದ ನೆರೆಯವನೊಂದಿಗೆ ಒಂದೇ ಕೋಣೆ, ಬಿಟ್ಟುಬಂದ ಮನೆಮಕ್ಕಳ ಹಂಬಲ, ಕೀಲುನೋವು, ಮಗ ಬಂದು ಕರೆದೊಯ್ದಾನೆಂಬ ಎಣಿಕೆ. ಆಶ್ರಮದ ಮಂಚದ ಮೇಲೆ ಈ ನಾಲ್ಕೂ ಒಟ್ಟಿಗೆ ಸಿದ್ಧವಾಗಿರುತ್ತವೆ. ಹೊರಗಿನಿಂದ ನೋಡಿದವರಿಗೆ ‘ಅಜ್ಜ ಸುಮ್ಮನೆ ಕುಳಿತಿದ್ದಾರೆ, ಶಾಂತವಾಗಿದ್ದಾರೆ’ ಎನ್ನಿಸುತ್ತದೆ. ಒಳಗೆ ನಡೆದಿರುವುದು ಆರ್ತಧ್ಯಾನ. ಅದು ಅಶುಭ ಬಂಧಕ್ಕೆ ಕಾರಣವೆಂಬುದರಲ್ಲಿ ದಿಗಂಬರ ಶ್ವೇತಾಂಬರ ಭೇದವಿಲ್ಲ. ಮನಸ್ಸಿಗೂ ಕೈಗೂ ಉದ್ಯೋಗವಿಲ್ಲದಂತೆ ಮಾಡಿ ಒಂದು ಜೀವವನ್ನು ವರ್ಷಗಟ್ಟಲೆ ಅಲ್ಲಿ ಬಿಟ್ಟಿರುವ ಸಂಸ್ಥೆ ಅದಕ್ಕೆ ನಿಮಿತ್ತವಾಗುವುದಿಲ್ಲವೇ? ಮುದಿ ಎತ್ತುಗಳಿಗೆ ಪಿಂಜರಾಪೋಲುಗಳನ್ನು ಶತಮಾನಗಳ ಹಿಂದೆಯೇ ಕಟ್ಟಿದ ಸಮಾಜವಿದು. ಅಲ್ಲಿಯೂ ದನಗಳನ್ನು ಬಯಲಿಗೆ ಬಿಡುವುದುಂಟು.

ಪಶ್ಚಿಮದ ದೇಶಗಳಲ್ಲಿ ಈ ವಿಷಯವನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನ ಒಂದು ಶುಶ್ರೂಷಾಲಯದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಒಂದು ಅಂತಸ್ತಿನವರಿಗೆ, ಕೋಣೆಯನ್ನು ನಿಮ್ಮಿಷ್ಟದಂತೆ ಜೋಡಿಸಿಕೊಳ್ಳಿ, ಒಂದು ಗಿಡವನ್ನು ಆರಿಸಿಕೊಂಡು ನೀವೇ ನೀರೆರೆಯಿರಿ, ಚಲನಚಿತ್ರವನ್ನು ಯಾವ ರಾತ್ರಿ ನೋಡಬೇಕೆಂಬುದನ್ನು ನೀವೇ ನಿರ್ಧರಿಸಿ ಎಂದು ಹೇಳಲಾಯಿತು. ಮತ್ತೊಂದು ಅಂತಸ್ತಿನವರಿಗೂ ಗಿಡ ಸಿಕ್ಕಿತು, ಚಲನಚಿತ್ರ ಸಿಕ್ಕಿತು. ಗಿಡಕ್ಕೆ ನೀರನ್ನು ದಾದಿಯರು ಹಾಕಿದರು, ಚಿತ್ರದ ದಿನವನ್ನು ಸಿಬ್ಬಂದಿ ಗೊತ್ತುಮಾಡಿದರು. ಮೂರು ವಾರಗಳಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಹರ್ಷದಿಂದ ಇರುವುದು ಕಂಡುಬಂದಿತು. ಒಂದೂವರೆ ವರ್ಷದ ಅನಂತರ ಮೊದಲ ಗುಂಪಿನ 47 ಮಂದಿಯಲ್ಲಿ 7 ಜನ, ಎರಡನೆಯ ಗುಂಪಿನ 44 ಮಂದಿಯಲ್ಲಿ 13 ಜನ ತೀರಿಕೊಂಡಿದ್ದರು. ಈ ಮರಣಸಂಖ್ಯೆಯ ವ್ಯತ್ಯಾಸ ತಾವು ಮೊದಲು ಹೇಳಿದಷ್ಟು ಬಲವಾದುದಲ್ಲವೆಂದು ಸಂಶೋಧಕರೇ ಮುಂದೆ ತಿದ್ದುಪಡಿ ಪ್ರಕಟಿಸಿದರು. ಆದ್ದರಿಂದ ಅದನ್ನು ಬದಿಗಿಡೋಣ. ಬದಿಗಿಟ್ಟರೂ ಉಳಿಯುವ ಮಾತು ಸಾಕಷ್ಟಿದೆ. ಎರಡು ಗುಂಪಿಗೂ ದೊರೆತ ಗಿಡ ಒಂದೇ ಬಗೆಯದು, ಚಿತ್ರವೂ ಒಂದೇ. ಬದಲಾದದ್ದು ನಿರ್ಧರಿಸುವವರು ಯಾರೆಂಬುದು ಮಾತ್ರ.

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಒಂದು ಶುಶ್ರೂಷಾಲಯಕ್ಕೆ ಬಂದ ವೈದ್ಯ ಬಿಲ್ ಥಾಮಸ್, ಅಲ್ಲಿಯವರನ್ನು ಕಾಡುವ ರೋಗಗಳು ಒಂಟಿತನ, ಅಸಹಾಯಕತೆ, ಬೇಸರ ಎಂದು ಕಂಡುಕೊಂಡು ನಾಯಿ, ಬೆಕ್ಕು, ನೂರು ಹಕ್ಕಿಗಳು, ತೋಟ, ಮಕ್ಕಳು, ಎಲ್ಲವನ್ನೂ ಒಳಗೆ ತಂದರು. ಹಕ್ಕಿಯನ್ನು ಪಂಜರದಲ್ಲಿಡುವುದು ಶ್ರಾವಕನಿಗೆ ಸಲ್ಲದು; ಬಂಧ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು. ಆದರೆ ಮಾಳಿಗೆಯ ಮೇಲೆ ಕಾಳು ನೀರು ಇಟ್ಟರೆ ಹಕ್ಕಿಗಳು ತಾವೇ ಬರುತ್ತವೆ. ಆ ಕಾಳು ಇಡುವ ಕೆಲಸ ಇಂದು ಆಶ್ರಮಗಳಲ್ಲಿ ಯಾರದು? ಕಾವಲುಗಾರನದು. ನಿವಾಸಿಗಳಲ್ಲಿ ಒಬ್ಬರಿಗೆ ಅದನ್ನು ವಹಿಸಿದರೆ ಬೆಳಿಗ್ಗೆ ಏಳಲು ಅವರಿಗೊಂದು ಕಾರಣವಾಗುತ್ತದೆ.

ದಾವಣಗೆರೆ ಹರಿಹರಗಳ ವೃದ್ಧರು ಏನನ್ನು ಬಲ್ಲವರು ಎಂಬುದನ್ನು ಅರಿತಿದ್ದರೆ ಸಂಗೀತ ಕುರ್ಚಿಯ ಯೋಚನೆ ಬರುತ್ತಿರಲಿಲ್ಲ. ದಾವಣಗೆರೆ ಹತ್ತಿ ಗಿರಣಿಗಳ ಊರು; ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯಿಸಿಕೊಂಡದ್ದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳಲ್ಲಿ ದುಡಿದವರು ಮುದುಕರಾದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರು ಪಡೆದಿತ್ತು. ಈ ಶತಮಾನದ ಆರಂಭದಲ್ಲಿ ಅದೂ ಮುಚ್ಚಿತು. ಕೂದಲೆಳೆಯಷ್ಟು ಅಳತೆಯ ವ್ಯತ್ಯಾಸವನ್ನು ಬೆರಳಿನಿಂದಲೇ ಗುರುತಿಸುತ್ತಿದ್ದ ಕೈಗಳು ಅಲ್ಲಿಂದ ಹೊರಬಂದವು. ಅಂಥ ಕೈಯೊಂದು ಆಶ್ರಮದ ಸಭಾಂಗಣದಲ್ಲಿ ಚಪ್ಪಾಳೆ ತಟ್ಟುತ್ತಿರುವಾಗ ಮೇಲಿನ ಪಂಖ ಕಿರ್ರೆನ್ನುತ್ತಿರುತ್ತದೆ, ಅದನ್ನು ಸರಿಪಡಿಸಲು ಪೇಟೆಯಿಂದ ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಸ್ಕ್ರೂಡ್ರೈವರು ಅಜ್ಜನ ಕೈಗೆ ಕೊಟ್ಟರೆ ಪೆಟ್ಟಾದೀತೆಂಬ ಭಯ. ಏಣಿಯನ್ನು ಹುಡುಗರು ಹತ್ತಲಿ, ಅಜ್ಜ ಕೆಳಗೆ ಕುಳಿತು ಬಿಚ್ಚಿ ಜೋಡಿಸಲಿ, ಕಲಿಸಲಿ; ಐ.ಟಿ.ಐ. ಓದುವ ಹುಡುಗರಿಗೆ ಅದು ಪಾಠವೂ ಆಗುತ್ತದೆ.

ಹೆಂಗಸರ ವಿಷಯವಂತೂ ಇನ್ನೂ ಸ್ಪಷ್ಟ. ಗಂಡಸಿಗೆ ನಿವೃತ್ತಿಯೆಂಬುದೊಂದು ಇತ್ತು. ಹೆಂಗಸಿಗೆ ಆಶ್ರಮ ಸೇರುವವರೆಗೆ ಅದಿರಲಿಲ್ಲ. ಅರವತ್ತು ವರ್ಷ ಒಲೆಯ ಮುಂದೆ ಆಳಿದವಳಿಗೆ ಇಲ್ಲಿ ಅಡುಗೆಮನೆಗೆ ಪ್ರವೇಶ ನಿಷಿದ್ಧ. ಬೆಂಕಿಯ ಅಪಾಯವೆಂಬ ಕಾರಣ ಒಪ್ಪತಕ್ಕದ್ದೇ. ಆದರೆ ಅಕ್ಕಿ ಬೇಳೆ ಆರಿಸಲು ಬೆಂಕಿ ಬೇಕಿಲ್ಲ. ಧಾನ್ಯದಲ್ಲಿ ಒಂದು ಹುಳುವೂ ಒಲೆಗೆ ಹೋಗದಂತೆ ಆರಿಸುವುದು ಜೈನ ಮನೆಗಳಲ್ಲಿ ಕೆಲಸವೆನ್ನುವುದಕ್ಕಿಂತ ವ್ರತವೇ ಆಗಿದೆ. ಅದನ್ನು ತಾಯಿಯಿಂದ ಕಲಿತ ಕೊನೆಯ ಪೀಳಿಗೆ ಇಂದು ಆಶ್ರಮದ ಜಗಲಿಯಲ್ಲಿ ಕೈಕಟ್ಟಿ ಕುಳಿತಿದೆ; ಒಳಗೆ ಪ್ಯಾಕೆಟ್ಟಿನ ಬೇಳೆ ನೇರವಾಗಿ ಕುಕ್ಕರಿಗೆ ಬೀಳುತ್ತದೆ. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದು, ಬೇಸಗೆಯಲ್ಲಿ ಹಪ್ಪಳ ಸಂಡಿಗೆ, ಇವಕ್ಕೆಲ್ಲ ಕಣ್ಣು ಮಂಜಾದರೂ ಬೆರಳಿನ ನೆನಪು ಸಾಕಾಗುತ್ತದೆ. ಊರಿನ ಬಸದಿ ಮಂದಿರಗಳ ನಿತ್ಯಪೂಜೆಯ ಹೂವು ಬತ್ತಿಗಳು ಆಶ್ರಮದಿಂದಲೇ ಹೋಗಲಿ, ಅದಕ್ಕೆ ಬಸದಿಯ ಟ್ರಸ್ಟು ನ್ಯಾಯವಾದ ಹಣ ಕೊಡಲಿ, ಆ ಹಣವನ್ನು ಹೇಗೆ ಖರ್ಚುಮಾಡಬೇಕೆಂಬುದನ್ನು ಹೆಂಗಸರೇ ನಿರ್ಣಯಿಸಲಿ. ಎಂದೂ ತೆಗೆದುಕೊಳ್ಳುವ ಕೈಯಾಗಿಯೇ ಇರುವುದು ಯಾರಿಗೂ ಹಿತವಲ್ಲ. ಪರಸ್ಪರೋಪಗ್ರಹವೆಂಬ ತತ್ತ್ವವನ್ನು ಲಾಂಛನದ ಕೆಳಗೆ ಅಚ್ಚು ಹಾಕಿಸಿಕೊಂಡವರು ‘ಪರಸ್ಪರ’ ಎಂಬ ಪದದಲ್ಲಿ ವೃದ್ಧರನ್ನೂ ಸೇರಿಸಬೇಕು. ಅವರನ್ನು ದುಡಿಸಿಕೊಳ್ಳುವ ಕುಮಾರ್ಗಕ್ಕೆ ಇದು ದಾರಿಯಾಗಬಾರದೆಂಬುದು ನಿಜ, ಬೇಡವೆಂದವರಿಗೆ ಬೇಡ.

ಇನ್ನು ಶುದ್ಧ ಮನರಂಜನೆ. ಅದೂ ಬೇಕು, ಅದಕ್ಕೆ ನಾಚಬೇಕಾಗಿಲ್ಲ. ಭರತೇಶ ವೈಭವ ಹಾಡಲೆಂದೇ ಸಾಂಗತ್ಯದಲ್ಲಿ ರಚಿತವಾದ ಕಾವ್ಯ. ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಭೋಗವೂ ಯೋಗವೂ ಒಂದೇ ಬಾಳಿನಲ್ಲಿ ಕೂಡಿರಲು ಅಡ್ಡಿ ಕಾಣಲಿಲ್ಲ. ಪಂಪನ ಆದಿಪುರಾಣದಲ್ಲಿ ವೃಷಭನಾಥನಿಗೆ ವೈರಾಗ್ಯವುಂಟಾದದ್ದು ಯಾವ ಪ್ರವಚನದಲ್ಲಿ? ತುಂಬಿದ ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಿರುವಾಗ. ನೃತ್ಯವನ್ನು ನೋಡದಿದ್ದರೆ ಅದರ ಅನಿತ್ಯತೆಯೂ ಕಾಣುತ್ತಿರಲಿಲ್ಲ. ದಾವಣಗೆರೆಯಂತೂ ವೃತ್ತಿರಂಗಭೂಮಿಯ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ ಇಲ್ಲಿಯದು. 2010ರಲ್ಲಿ ನಿಧನರಾದ ಚಿಂದೋಡಿ ಲೀಲಾ ಅವರ ನಾಟಕಗಳನ್ನು ಟೆಂಟಿನಲ್ಲಿ ಕುಳಿತು ರಾತ್ರಿಯಿಡೀ ನೋಡಿದವರೇ ಇಂದು ಎಪ್ಪತ್ತು ಎಂಬತ್ತರ ಪ್ರಾಯದಲ್ಲಿದ್ದಾರೆ. ಅವರ ಕೊರಳಲ್ಲಿ ಆ ಹಾಡುಗಳಿವೆ. ಅವರಿಗೆ ಹಾಡಲು ಒಂದು ಹಾರ್ಮೋನಿಯಂ ಬೇಕು; ಸಿಕ್ಕಿರುವುದು ಯಾರೋ ಹಾಡಿದ್ದಕ್ಕೆ ತಟ್ಟಬೇಕಾದ ಚಪ್ಪಾಳೆ. ಆಶ್ರಮದ ನಿವಾಸಿಗಳೆಲ್ಲರೂ ಜೈನರಾಗಿರುವುದೂ ಇಲ್ಲ. ಸಂಜೆಯ ಭಜನೆಗೆ ಎಲ್ಲರೂ ಬರತಕ್ಕದ್ದೆಂದು ನಿಯಮ ಮಾಡುವ ಕಡೆ ಅನ್ಯಧರ್ಮೀಯರಿಗೆ ಅನ್ಯಾಯವಾಗುತ್ತದೆ, ಭಜನೆಗೂ ಅಪಮಾನವಾಗುತ್ತದೆ.

ಹೊರಗೆ ಕರೆದೊಯ್ಯುವ ಮಾತೂ ಇದೆ. ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ. ಹದಿಮೂರನೆಯ ಶತಮಾನದ ಹರಿಹರೇಶ್ವರ ದೇವಾಲಯದ ತೆರೆದ ಮಂಟಪದಲ್ಲಿ ಕಂಬಗಳ ನಡುವೆ ಗಾಳಿಯಾಡುತ್ತದೆ. ದಾವಣಗೆರೆಯಲ್ಲಿ ಕುಂದವಾಡದ ಕೆರೆಯ ದಂಡೆಯಿದೆ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಐದು ತೀರ್ಥಕ್ಷೇತ್ರಗಳನ್ನು ಮೂರೇ ದಿನದಲ್ಲಿ ಸುತ್ತಿಸಿ ದಣಿಸುವುದಕ್ಕಿಂತ ವಾರಕ್ಕೊಮ್ಮೆ ನಾಲ್ಕು ಮಂದಿಯನ್ನು ಆಟೋದಲ್ಲಿ ಕೆರೆಯ ಬಳಿಗೆ ಒಯ್ದು ಒಂದು ಗಂಟೆ ಕೂರಿಸಿ ತರುವುದು ಮೇಲು. ಮಂಡಕ್ಕಿ ಮೆಣಸಿನಕಾಯಿ ತಿನ್ನಬೇಕೆಂದರೆ ವೈದ್ಯರನ್ನು ಕೇಳಿ ಒಂದಿಷ್ಟು ಕೊಡಿಸಲಿ. ಆ ಊರಿನವರಿಗೆ ಅದು ಕೇಕಿಗಿಂತ ರುಚಿ.

ಖರ್ಚಿನ ಮಾತು ಬರುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡಾ 9.5, ದೇಶದ ಸರಾಸರಿ 8.6. ಪ್ರಮಾಣ ಏರುತ್ತಲೇ ಇದೆ. ಮಕ್ಕಳು ಬೆಂಗಳೂರು, ಪುಣೆ, ವಿದೇಶಗಳನ್ನು ಸೇರುತ್ತಿದ್ದಾರೆ. ಆದ್ದರಿಂದ ಇನ್ನಷ್ಟು ಕೋಣೆ ಕಟ್ಟುವುದೇ ಮೊದಲ ಕರ್ತವ್ಯ, ಚಟುವಟಿಕೆ ಆಮೇಲೆ ಎನ್ನುತ್ತಾರೆ. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಸಂಬಳಕ್ಕೆ ಸಿಗುವುದಿಲ್ಲವೆಂಬುದು ಇದರ ಅರ್ಥ. ಕಟ್ಟಡದ ಮೇಲೆ ಹೆಸರು ಬರೆಸಬಹುದು, ದಿನವೂ ಬಂದು ಹೋಗುವ ಒಬ್ಬ ಕಾರ್ಯಕರ್ತೆಯ ಸೀರೆಯ ಮೇಲೆ ಬರೆಸಲಾಗದು. ಬೇಕಾಗಿರುವುದು ಒಬ್ಬಳೇ, ದಾದಿಯ ಕೆಲಸದಿಂದ ಮುಕ್ತಳಾದ, ನಿವಾಸಿಗಳ ದಿನವನ್ನು ಅವರೊಡನೆ ಕುಳಿತು ರೂಪಿಸುವುದೇ ಕೆಲಸವಾಗಿರುವ ಒಬ್ಬ ವ್ಯಕ್ತಿ. ಮೊದಲು ಅವಳ ಸಂಬಳವನ್ನು ಮುಂಗಡಪತ್ರದಲ್ಲಿ ಕಾಣಿಸಲಿ. ಹುಟ್ಟುಹಬ್ಬದ ದಾನಿಗಳಿಗೆ ಅನ್ನದ ಜೊತೆಗೆ ಆ ಸಂಬಳದ ಒಂದು ಪಾಲನ್ನೂ ಹೊರುವಂತೆ ಕೇಳಲಿ. ನಿವಾಸಿಯ ಲಿಖಿತ ಒಪ್ಪಿಗೆಯಿಲ್ಲದೆ ಛಾಯಾಚಿತ್ರ ತೆಗೆಯಬಾರದೆಂದು ಬಾಗಿಲಲ್ಲೇ ಫಲಕ ಹಾಕಲಿ. ಇದರಿಂದ ನಾಲ್ಕು ದಾನಿಗಳು ತಪ್ಪಿಹೋದರೆ ಹೋಗಲಿ. ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಮತಾಧಿಕಾರದೊಂದಿಗೆ ಕೂರಲಿ.

ದಾನಿಗಳು ಬರುವುದು ಮಧ್ಯಾಹ್ನ; ಆಶ್ರಮದಲ್ಲಿ ಅತ್ಯಂತ ದೀರ್ಘವಾದುದು ಸಂಜೆ. ರಾತ್ರಿಭೋಜನ ತ್ಯಾಗದ ನಿಯಮವಿರುವೆಡೆ ಸೂರ್ಯಾಸ್ತಕ್ಕೆ ಮುಂಚೆಯೇ ಊಟವಾಗುತ್ತದೆ. ಆರು ಗಂಟೆಯಿಂದ ನಿದ್ರೆ ಬರುವ ಹತ್ತು ಹನ್ನೊಂದರವರೆಗಿನ ಹೊತ್ತಿಗೆ ಯಾವ ಏರ್ಪಾಡೂ ಇರುವುದಿಲ್ಲ. ಮನೆಯ ನೆನಪು ಹೆಚ್ಚಾಗಿ ಬರುವುದೂ ಆ ಹೊತ್ತಿನಲ್ಲೇ. ಪಾಠಶಾಲೆಯ ಮಕ್ಕಳು, ಯುವಕ ಮಂಡಳದವರು, ಮಹಿಳಾ ಸಮಾಜದವರು ಸರದಿಯ ಮೇಲೆ ಬರಬೇಕಾದದ್ದು ಆಗ. ಕಾರ್ಯಕ್ರಮ ನಡೆಸಿಕೊಡಲು ಬರುವುದು ಬೇಡ. ಒಂದು ಆಟದ ಮಣೆ ಹಿಡಿದು ಬರಲಿ.

ಇಷ್ಟೆಲ್ಲ ಹೇಳಿದ ಮೇಲೂ ವಿಶ್ವಸ್ತರ ಬಳಿ ಒಂದು ಉತ್ತರ ಉಳಿದಿರುತ್ತದೆ: ‘ನಿವಾಸಿಗಳನ್ನು ಕೇಳಿದ್ದೇವೆ. ಅವರೇ ಏನೂ ಬೇಡ ಎನ್ನುತ್ತಾರೆ.’ ಎನ್ನುತ್ತಾರೆ, ಸಂದೇಹವಿಲ್ಲ. ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ವ್ಯವಸ್ಥಾಪಕರ ಎದುರಿಗೆ, ‘ಏನಾದರೂ ಕೊರತೆ ಇದೆಯೇ’ ಎಂದು ಅಧ್ಯಕ್ಷರೇ ನಿಂತು ಕೇಳಿದರೆ ಇನ್ನಾವ ಉತ್ತರ ಬಂದೀತು? ಕೇಳುವವರು ಆಡಳಿತಕ್ಕೆ ಸೇರದವರಾಗಿರಬೇಕು. ಸಂಜೆ ಆರರ ಮೇಲೆ, ಮಂಚದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಒಬ್ಬೊಬ್ಬರನ್ನೇ ಕೇಳಬೇಕು. ಕೊರತೆಯ ಮಾತು ಎತ್ತದೆ, ಅವರು ಮೊದಲು ಏನು ಕೆಲಸ ಮಾಡುತ್ತಿದ್ದರೆಂದು ಕೇಳಬೇಕು. ಮೊದಲ ಸಲ ‘ಅದೆಲ್ಲ ಈಗೇಕೆ’ ಎಂಬ ಉತ್ತರ ಬರುತ್ತದೆ. ಮರುವಾರ ಮತ್ತೆ ಹೋಗಬೇಕು.